ಹತ್ತು ಲಕ್ಷ ಷೇರು ಬೇಕು, ಆದ್ರೆ ಯಾರಿಗೂ ಗೊತ್ತಾಗಬಾರದು

ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ಫೋನಲ್ಲಿ ಒಂದು ಕಂಪನಿಯ 10 ಷೇರು ಕೊಳ್ಳೋಕೆ ಎಷ್ಟು ಹೊತ್ತು ಬೇಕು? ಆ್ಯಪ್ ತೆಗೆದು, ಬೈ ಒತ್ತಿ, ಸ್ವೈಪ್ ಮಾಡಿದ್ರೆ ಮುಗೀತು. ಎರಡು ಸೆಕೆಂಡ್. ಸರಿ, ಅದೇ ಕಂಪನಿಯ 10 ಲಕ್ಷ ಷೇರು ಬೇಕು ಅಂದ್ರೆ?

"ದುಡ್ಡಿದ್ರೆ ಅದೂ ಎರಡೇ ಸೆಕೆಂಡ್" ಅಂತ ನೀವು ಹೇಳಬಹುದು. ನಾನು ಬಿ.ಕಾಂ ಓದುವಾಗ ಡಿಮ್ಯಾಂಡ್, ಸಪ್ಲೈ ಅಂತ ಎರಡು ಗೆರೆ ಎಳೆದು, ಅವು ಕೂಡೋ ಜಾಗಕ್ಕೆ ಬೆಲೆ ಅಂತ ಬರೆದು ಉತ್ತರ ಮುಗಿಸ್ತಿದ್ವಿ. ಒಬ್ಬನೇ ದೊಡ್ಡ ಗಿರಾಕಿ ಬಂದು ನಿಂತ್ರೆ ಆ ಗೆರೆಯೇ ಜಾಗ ಬಿಟ್ಟು ಸರಿಯುತ್ತೆ ಅನ್ನೋದನ್ನ ಕ್ಲಾಸಲ್ಲಿ ಯಾರೂ ಹೇಳಲಿಲ್ಲ. ಮ್ಯೂಚುವಲ್ ಫಂಡ್, ವಿಮಾ ಕಂಪನಿ, ಪೆನ್ಷನ್ ಫಂಡ್, ವಿದೇಶಿ ಹೂಡಿಕೆದಾರರು, ಇವರ ದೊಡ್ಡ ತಲೆನೋವು ದುಡ್ಡು ಹೊಂದಿಸೋದಲ್ಲ. ಮಾರುಕಟ್ಟೆಗೆ ಗೊತ್ತಾಗದ ಹಾಗೆ ಕೊಳ್ಳೋದು, ಗೊತ್ತಾಗದ ಹಾಗೆ ಮಾರೋದು. ಅದನ್ನ ಹೇಗೆ ಮಾಡ್ತಾರೆ, ಅದರಲ್ಲಿ ನಮ್ಮ ನಿಮ್ಮ ದುಡ್ಡಿನ ಕಥೆ ಏನು, ಇದೇ ಇವತ್ತಿನ ಮಾತು.

ಐದು ಸಾಲಿನ ಆಚೆ

ನಿಮ್ಮ ಆ್ಯಪ್‌ನಲ್ಲಿ ಯಾವುದಾದ್ರೂ ಷೇರು ಒತ್ತಿದ್ರೆ ಕೆಳಗೆ 'ಮಾರ್ಕೆಟ್ ಡೆಪ್ತ್' ಅಂತ ಒಂದು ಪಟ್ಟಿ ಕಾಣುತ್ತೆ. ಒಂದು ಕಡೆ ಕೊಳ್ಳೋಕೆ ನಿಂತವರು, ಇನ್ನೊಂದು ಕಡೆ ಮಾರೋಕೆ ನಿಂತವರು. ಸಾಮಾನ್ಯವಾಗಿ ಐದೈದು ಸಾಲು. ಬಹಳ ಜನ ಅದನ್ನ ನೋಡೋದೇ ಇಲ್ಲ. ದೊಡ್ಡ ಹೂಡಿಕೆದಾರರಿಗೆ ಮಾತ್ರ ಎಲ್ಲಾ ಕಷ್ಟ ಅಲ್ಲಿಂದಲೇ ಶುರು.

ಒಂದು ಲೆಕ್ಕ ಹಾಕೋಣ. ಇದು ಅರ್ಥ ಮಾಡ್ಕೊಳ್ಳೋಕೆ ನಾನೇ ಹಾಕಿದ ಲೆಕ್ಕ, ಯಾವ ಕಂಪನಿಯದ್ದೂ ಅಲ್ಲ. ಷೇರಿನ ಬೆಲೆ 500 ರೂಪಾಯಿ. 500ಕ್ಕೆ 800 ಷೇರು ಮಾರೋಕೆ ಇದೆ. 500.05ಕ್ಕೆ 1,200. 500.10ಕ್ಕೆ 600. 500.25ಕ್ಕೆ 1,500. 500.40ಕ್ಕೆ 900. ಐದೂ ಸಾಲು ಕೂಡಿದ್ರೆ 5,000 ಷೇರು. ನಿಮಗೆ 10 ಬೇಕಿದ್ರೆ ಮೊದಲ ಸಾಲಲ್ಲೇ ಕೆಲಸ ಆಯ್ತು. 10 ಲಕ್ಷ ಬೇಕಿರೋನು ಐದೂ ಸಾಲನ್ನ ಗುಡಿಸಿ ಹಾಕಿದ್ರೂ ಇನ್ನೂ 9,95,000 ಬಾಕಿ! ಆಮೇಲಿನ ಸಾಲುಗಳು 501, 503, 507 ಅಂತ ಮೇಲೆ ಮೇಲೆ ಹೋಗ್ತಾವೆ. ಇಷ್ಟು ಹೊತ್ತಿಗೆ ಮಾರೋಕೆ ನಿಂತಿದ್ದವರೂ ಎಚ್ಚರ ಆಗಿ ತಮ್ಮ ಆರ್ಡರ್ ವಾಪಸ್ ತಗೊಂಡು ಇನ್ನೂ ಜಾಸ್ತಿ ಬೆಲೆ ಹಾಕ್ತಾರೆ.

ಕೆ.ಆರ್. ಮಾರ್ಕೆಟ್ ನೆನಪಿಸ್ಕೊಳ್ಳಿ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಎರಡು ಮಾರು ಸೇವಂತಿಗೆ ಕೊಳ್ಳೋಕೆ ಹೋದ್ರೆ ಹೇಳಿದ ರೇಟಿಗೆ ಸಿಗುತ್ತೆ, ಚೌಕಾಸಿ ಮಾಡಿದ್ರೆ ಸ್ವಲ್ಪ ಕಮ್ಮಿಗೂ ಸಿಗಬಹುದು. ಅದೇ ಒಬ್ಬ ಬಂದು "ನಂಗೆ ಇವತ್ತೇ ಎರಡು ಲಾರಿ ಸೇವಂತಿಗೆ ಬೇಕು" ಅಂತ ಜೋರಾಗಿ ಕೂಗಿದ್ರೆ? ಆ ಸಾಲಿನ ಕೊನೇ ಅಂಗಡಿ ತಲುಪೋಷ್ಟರಲ್ಲಿ ರೇಟು ಬೇರೇನೇ ಆಗಿರುತ್ತೆ. ಹೂವು ಅದೇ, ಅಂಗಡಿ ಅದೇ. ಬದಲಾಗಿದ್ದು ಒಂದೇ, ಇವನಿಗೆ ಎಷ್ಟು ಬೇಕು ಅಂತ ಎಲ್ಲರಿಗೂ ಗೊತ್ತಾಯ್ತು.

ಮಾರುಕಟ್ಟೆ ಭಾಷೆಯಲ್ಲಿ ಇದಕ್ಕೆ 'ಮಾರ್ಕೆಟ್ ಇಂಪ್ಯಾಕ್ಟ್' ಅಂತಾರೆ. ನಾವು ಕೊಳ್ಳೋದರಿಂದಲೇ ನಮಗೆ ಬೆಲೆ ಏರೋದು. ಫಂಡ್ ಮ್ಯಾನೇಜರ್ ತೀರ್ಮಾನ ಮಾಡಿದಾಗ ಬೆಲೆ 500 ಇತ್ತು. ಕೊಂಡು ಮುಗಿಸಿದಾಗ ಸರಾಸರಿ 503 ಬಿತ್ತು. ವ್ಯತ್ಯಾಸ ಬರೀ 3 ರೂಪಾಯಿ, ಆದ್ರೆ 10 ಲಕ್ಷ ಷೇರಿಗೆ ಅದು 30 ಲಕ್ಷ ರೂಪಾಯಿ. ಈ 30 ಲಕ್ಷಕ್ಕೆ ಯಾವ ಬಿಲ್ಲೂ ಬರಲ್ಲ, ಯಾವ ಸ್ಟೇಟ್‌ಮೆಂಟಲ್ಲೂ ಬೇರೆ ಸಾಲಾಗಿ ಕಾಣಲ್ಲ. 1988ರಲ್ಲಿ ಹಾರ್ವರ್ಡ್‌ನ ಆಂಡ್ರೆ ಪೆರೋಲ್ಡ್ ಇದಕ್ಕೆ 'ಇಂಪ್ಲಿಮೆಂಟೇಷನ್ ಶಾರ್ಟ್‌ಫಾಲ್' ಅಂತ ಹೆಸರಿಟ್ಟರು. ಕಾಗದದ ಮೇಲಿನ ಲಾಭಕ್ಕೂ ಕೈಗೆ ಬಂದ ಲಾಭಕ್ಕೂ ನಡುವಿನ ಸೋರಿಕೆ ಅದು.

ಆ ದುಡ್ಡು ಯಾರದ್ದು?

ಇಲ್ಲೊಂದು ನಿಮಿಷ ನಿಲ್ಲಿ. "ದೊಡ್ಡೋರ ದುಡ್ಡು ಸೋರಿದ್ರೆ ನನಗೇನು?" ಅನ್ನಿಸಬಹುದು. ಆದ್ರೆ ಈ ದೊಡ್ಡೋರು ಅಂದ್ರೆ ಯಾರು? ನಮ್ಮ ದೇಶದಲ್ಲಿ ಎಸ್‌ಐಪಿ ಮೂಲಕ ಒಂದೇ ತಿಂಗಳಲ್ಲಿ ಬರೋ ದುಡ್ಡು 2024ರ ಅಕ್ಟೋಬರ್‌ನಲ್ಲಿ ಮೊದಲ ಸಲ 25,000 ಕೋಟಿ ರೂಪಾಯಿ ದಾಟಿತು. ಹನಿಹನಿ ಗೂಡಿದರೆ ಹಳ್ಳ ಅಂತಾರಲ್ಲ, ಅದೇ. ಹಾಸನದಲ್ಲಿ ಟೀಚರ್ ಆಗಿರೋರ 1,000, ಹುಬ್ಬಳ್ಳಿಯಲ್ಲಿ ಮೊದಲ ಕೆಲಸಕ್ಕೆ ಸೇರಿದ ಹುಡುಗಿಯ 500, ನಿಮ್ಮಪ್ಪನ ಪಿಎಫ್‌ನ ಒಂದು ಪಾಲು, ಎಲ್ಲಾ ಸೇರಿಯೇ ಆ ದೊಡ್ಡ ಆರ್ಡರ್ ಆಗೋದು. ಅಂದ್ರೆ ಆ 30 ಲಕ್ಷ ಸೋರಿದ್ದು ನಿಮ್ಮ ಎನ್‌ಎವಿಯಿಂದ.

ಫಂಡ್ ಹೌಸ್‌ನಲ್ಲಿ ಏನು ಕೊಳ್ಳಬೇಕು ಅಂತ ತೀರ್ಮಾನಿಸೋರು ಫಂಡ್ ಮ್ಯಾನೇಜರ್. ಹೇಗೆ ಕೊಳ್ಳಬೇಕು ಅಂತ ನೋಡ್ಕೊಳ್ಳೋರು ಡೀಲರ್. ಟಿವಿ ಸಂದರ್ಶನದಲ್ಲಿ ಮ್ಯಾನೇಜರ್ ಮುಖ ಕಾಣುತ್ತೆ, ಡೀಲರ್ ಮುಖ ಕಾಣಲ್ಲ. ಆದ್ರೆ ಆ 3 ರೂಪಾಯಿಯನ್ನ 1 ರೂಪಾಯಿಗೆ ಇಳಿಸೋದು ಡೀಲರ್ ಕೈಯಲ್ಲಿರುತ್ತೆ. ಅವರ ಹತ್ತಿರ ಇರೋ ದಾರಿಗಳು ಮುಖ್ಯವಾಗಿ ಎರಡು.

ದಾರಿ ಒಂದು: ಚೂರು ಚೂರು

ಮೊದಲನೇ ದಾರಿ, ದೊಡ್ಡ ಆರ್ಡರನ್ನ ಚೂರು ಮಾಡೋದು. ಡೀಲರ್ ಮೊದಲು ನೋಡೋದು, ಈ ಷೇರು ದಿನಕ್ಕೆ ಸರಾಸರಿ ಎಷ್ಟು ಕೈ ಬದಲಾಗುತ್ತೆ ಅಂತ. ನಮ್ಮ ಲೆಕ್ಕದ ಕಂಪನಿಯಲ್ಲಿ ದಿನಕ್ಕೆ 20 ಲಕ್ಷ ಷೇರು ಅಂತ ಇಟ್ಕೊಳ್ಳಿ. ಒಟ್ಟು ವಹಿವಾಟಿನ 10% ಮೀರಬಾರದು ಅಂತ ಅವರು ತಮಗೇ ಒಂದು ಮಿತಿ ಹಾಕ್ಕೊಂಡ್ರೆ ದಿನಕ್ಕೆ 2 ಲಕ್ಷ. 10 ಲಕ್ಷ ಕೊಳ್ಳೋಕೆ ಐದು ದಿನ, ಅಂದ್ರೆ ಇಡೀ ಒಂದು ವಾರದ ಟ್ರೇಡಿಂಗ್.

ಆ 2 ಲಕ್ಷವನ್ನೂ ಒಂದೇ ಸಲ ಹಾಕಲ್ಲ. ಎನ್‌ಎಸ್‌ಇಯಲ್ಲಿ 'ಡಿಸ್‌ಕ್ಲೋಸ್ಡ್ ಕ್ವಾಂಟಿಟಿ' ಅಂತ ಒಂದು ಸೌಲಭ್ಯ ಇದೆ. ನಿಮ್ಮ ಆ್ಯಪ್‌ನಲ್ಲೂ ಇರಬಹುದು, ನೋಡಿ. ಆರ್ಡರ್ ದೊಡ್ಡದಿದ್ರೂ ಸ್ವಲ್ಪ ಭಾಗ ಮಾತ್ರ ಪರದೆಯಲ್ಲಿ ತೋರಿಸೋದು. ಅದು ಮುಗಿದ ಮೇಲೆ ಮುಂದಿನ ಭಾಗ ಹೊರಗೆ ಬರುತ್ತೆ. ನೀರಿನ ಮೇಲೆ ತುದಿ ಮಾತ್ರ ಕಾಣೋ ಹಿಮಗಡ್ಡೆ ಥರ ಅಂತ ಇದಕ್ಕೆ 'ಐಸ್‌ಬರ್ಗ್' ಅನ್ನೋ ಹೆಸರೂ ಇದೆ. ಆದ್ರೆ ಎಷ್ಟು ಬೇಕಾದ್ರೂ ಬಚ್ಚಿಡೋ ಹಾಗಿಲ್ಲ. ಕನಿಷ್ಠ 10% ತೋರಿಸಲೇಬೇಕು. 10 ಲಕ್ಷದ ಆರ್ಡರ್ ಹಾಕಿದ್ರೆ 1 ಲಕ್ಷ ಕಾಣುತ್ತೆ. ಐದು ಸಾಲಲ್ಲಿ 5,000 ಇರೋ ಕಡೆ 1 ಲಕ್ಷ ಕಂಡ್ರೆ, ಆನೆ ಮೇಲೆ ಟವೆಲ್ ಹೊದಿಸಿ ಬಚ್ಚಿಟ್ಟ ಹಾಗೆ! ಅದಕ್ಕೇ ಮೊದಲು ಚೂರು, ಆಮೇಲೆ ಚೂರಿನೊಳಗೆ ಬಚ್ಚಿಡೋದು.

ಈ ಚೂರು ಮಾಡೋ ಕೆಲಸವನ್ನ ಈಗ ಬಹುಪಾಲು ಕಂಪ್ಯೂಟರ್ ಪ್ರೋಗ್ರಾಂ ಮಾಡುತ್ತೆ. ಬ್ರೋಕರ್ ಡೆಸ್ಕಿಗೆ ಫೋನ್ ಮಾಡದೆ, ಬ್ರೋಕರ್ ವ್ಯವಸ್ಥೆಯ ಮೂಲಕ ನೇರವಾಗಿ ಎಕ್ಸ್‌ಚೇಂಜಿಗೆ ಆರ್ಡರ್ ಕಳಿಸೋಕೆ ಸೆಬಿ 2008ರಲ್ಲೇ ಸಂಸ್ಥೆಗಳಿಗೆ ಅವಕಾಶ ಕೊಡ್ತು. ಇಂಥ ಪ್ರೋಗ್ರಾಂಗಳಲ್ಲಿ ನೀವು ಜಾಸ್ತಿ ಕೇಳಿರೋ ಹೆಸರು 'ವಿವಾಪ್'. ನಿಮ್ಮ ಚಾರ್ಟಲ್ಲೂ ಆ ಗೆರೆ ಇರುತ್ತೆ. ಅರ್ಥ ಸರಳ, ಎಷ್ಟು ಷೇರು ಯಾವ ಬೆಲೆಗೆ ಕೈ ಬದಲಾಯ್ತು ಅನ್ನೋದನ್ನ ತೂಕ ಹಾಕಿ ತೆಗೆದ ಸರಾಸರಿ. 500 ರೂಪಾಯಿಗೆ 100 ಷೇರು, 504 ರೂಪಾಯಿಗೆ 300 ಷೇರು ವಹಿವಾಟಾದ್ರೆ ಮಾಮೂಲಿ ಸರಾಸರಿ 502. ಆದ್ರೆ 504ಕ್ಕೆ ಜಾಸ್ತಿ ಷೇರು ಹೋಗಿದೆಯಲ್ಲ, ಅದಕ್ಕೇ ವಿವಾಪ್ 503.

ನಮ್ಮಲ್ಲಿ ಬಹಳ ಜನಕ್ಕೆ ವಿವಾಪ್ ಅಂದ್ರೆ ಬೈ, ಸೆಲ್ ಸಿಗ್ನಲ್. ಡೀಲರಿಗೆ ಅದು ಪರೀಕ್ಷೆಯ ಅಂಕ. ದಿನದ ವಿವಾಪ್ 503 ಇದ್ದು ಅವರು 502.80ಕ್ಕೆ ಕೊಂಡಿದ್ರೆ ಪಾಸ್, 505ಕ್ಕೆ ಕೊಂಡಿದ್ರೆ ಮೇಲಿನವರು ಕರೆದು ಕೇಳ್ತಾರೆ. ವಹಿವಾಟು ದಿನವಿಡೀ ಒಂದೇ ಥರ ಇರಲ್ಲ. ಬೆಳಗ್ಗೆ 9:15ಕ್ಕೆ ಮಾರುಕಟ್ಟೆ ತೆಗೆದಾಗ ಜೋರು, ಮಧ್ಯಾಹ್ನ ಊಟದ ಹೊತ್ತಿಗೆ ಮಂದ, ಕೊನೇ ಗಂಟೆಯಲ್ಲಿ ಮತ್ತೆ ಜೋರು. ಪ್ರೋಗ್ರಾಂ ಇದೇ ಲಯಕ್ಕೆ ಕೊಳ್ಳುತ್ತೆ. ಜನ ಜಾಸ್ತಿ ಇರುವಾಗ ಜಾಸ್ತಿ, ಕಮ್ಮಿ ಇರುವಾಗ ಕಮ್ಮಿ. ಜಾತ್ರೆಯಲ್ಲಿ ಜನರ ಮಧ್ಯೆ ನಡೆದು ಹೋದ್ರೆ ಯಾರ ಕಣ್ಣಿಗೂ ಬೀಳಲ್ಲ ಅಲ್ವಾ, ಹಾಗೆ. ಪ್ರತಿ ಐದು ನಿಮಿಷಕ್ಕೆ ಸರಿಯಾಗಿ 1,000 ಅಂತ ಕೊಂಡ್ರೂ ಎದುರಿನ ಕಂಪ್ಯೂಟರ್ ಆ ಲಯ ಹಿಡಿದುಬಿಡುತ್ತೆ. ಅದಕ್ಕೇ ಹೊತ್ತನ್ನೂ ಪ್ರಮಾಣವನ್ನೂ ಸ್ವಲ್ಪ ಏರುಪೇರು ಮಾಡ್ತಾರೆ.

ಹಾಗಾದ್ರೆ ನಿಧಾನವೇ ಪ್ರಧಾನ ಅಂತಾನಾ? ಅಲ್ಲ. ಐದು ದಿನ ಎಳೆದ್ರೆ ಮಧ್ಯದಲ್ಲಿ ಕಂಪನಿಯ ರಿಸಲ್ಟ್ ಬರಬಹುದು, ಬೆಲೆ ತಾನಾಗೇ 540 ಆಗಬಹುದು. ಬೇಗ ಕೊಂಡ್ರೆ ನಿಮ್ಮಿಂದಲೇ ಬೆಲೆ ಏರುತ್ತೆ, ನಿಧಾನ ಮಾಡಿದ್ರೆ ಬೇರೆಯವರಿಂದ ಏರುತ್ತೆ. ಹಾವೂ ಸಾಯಬೇಕು, ಕೋಲೂ ಮುರೀಬಾರದು. ಡೀಲರ್ ಕೆಲಸ ಅಂದ್ರೆ ದಿನಾ ಈ ಎರಡರ ಮಧ್ಯೆ ಹದ ಹುಡುಕೋದು.

ದಾರಿ ಎರಡು: ಹದಿನೈದು ನಿಮಿಷದ ಕಿಟಕಿ

ಎರಡನೇ ದಾರಿ, ಅಷ್ಟೇ ದೊಡ್ಡದಾಗಿ ಮಾರೋನನ್ನ ಹುಡುಕಿ ಒಂದೇ ಏಟಿಗೆ ಮುಗಿಸೋದು. ಅಮೆರಿಕದಲ್ಲಿ ಇದಕ್ಕೆ 'ಡಾರ್ಕ್ ಪೂಲ್' ಅಂತ ಖಾಸಗಿ ವೇದಿಕೆಗಳಿವೆ. ಯಾರು ಎಷ್ಟಕ್ಕೆ ನಿಂತಿದ್ದಾರೆ ಅಂತ ಹೊರಗಿನವರಿಗೆ ಕಾಣಲ್ಲ. ನಮ್ಮ ದೇಶದಲ್ಲಿ ಅಂಥ ವೇದಿಕೆ ಇಲ್ಲ. ಬದಲಿಗೆ ಎಕ್ಸ್‌ಚೇಂಜ್ ಒಳಗೇ ಒಂದು ಪ್ರತ್ಯೇಕ ಕಿಟಕಿ ಇದೆ, 'ಬ್ಲಾಕ್ ಡೀಲ್ ವಿಂಡೋ'.

2018ರಿಂದ ಇದು ದಿನಕ್ಕೆ ಎರಡು ಸಲ ತೆಗೆಯುತ್ತೆ. ಬೆಳಗ್ಗೆ 8:45ರಿಂದ 9:00, ಮಧ್ಯಾಹ್ನ 2:05ರಿಂದ 2:20. ಬೆಳಗ್ಗೆಯದಕ್ಕೆ ಹಿಂದಿನ ದಿನದ ಮುಕ್ತಾಯದ ಬೆಲೆ ಆಧಾರ. ಮಧ್ಯಾಹ್ನದ್ದಕ್ಕೆ ಅದೇ ದಿನ 1:45ರಿಂದ 2:00ರವರೆಗಿನ ವಿವಾಪ್ ಆಧಾರ. ಮೊದಲು ಕನಿಷ್ಠ ಆರ್ಡರ್ 10 ಕೋಟಿ ರೂಪಾಯಿ, ಆಧಾರ ಬೆಲೆಗಿಂತ 1% ಆಚೀಚೆ ಮಾತ್ರ ಹೋಗಬಹುದಿತ್ತು. 2025ರ ಅಕ್ಟೋಬರ್‌ನಲ್ಲಿ ಸೆಬಿ ಹೊಸ ಸುತ್ತೋಲೆ ತಂದು ಕನಿಷ್ಠವನ್ನ 25 ಕೋಟಿಗೆ, ಬೆಲೆಯ ಮಿತಿಯನ್ನ 3%ಗೆ ಏರಿಸ್ತು. ಇಲ್ಲಿ ಕೊಂಡಿದ್ದನ್ನ ಅದೇ ದಿನ ಮಾರಿ ಲೆಕ್ಕ ಚುಕ್ತಾ ಮಾಡೋ ಹಾಗಿಲ್ಲ, ಡೆಲಿವರಿ ತಗೊಳ್ಳಲೇಬೇಕು. ಸಂಜೆ ಯಾರು ಕೊಂಡ್ರು, ಯಾರು ಮಾರಿದ್ರು, ಎಷ್ಟಕ್ಕೆ ಅಂತ ಎಕ್ಸ್‌ಚೇಂಜ್ ಪಟ್ಟಿ ಹಾಕುತ್ತೆ.

ಎದುರು ಪಾರ್ಟಿ ಸಿಕ್ಕಿದ್ರೂ ದೊಡ್ಡ ಗಾತ್ರಕ್ಕೆ ಒಂದು ಬೆಲೆ ತೆರಲೇಬೇಕು. ನಮ್ಮೂರಿನದೇ ಉದಾಹರಣೆ ತಗೊಳ್ಳಿ. 2014ರ ಡಿಸೆಂಬರ್ 8, ಇನ್ಫೋಸಿಸ್. ನಾರಾಯಣಮೂರ್ತಿ, ನಂದನ್ ನಿಲೇಕಣಿ ಸೇರಿದ ಹಾಗೆ ನಾಲ್ವರು ಸಂಸ್ಥಾಪಕರ ಕಡೆಯಿಂದ ಸುಮಾರು 3.26 ಕೋಟಿ ಷೇರು ಮಾರಾಟ ಆಯ್ತು. ಮೊತ್ತ ಸುಮಾರು 6,484 ಕೋಟಿ ರೂಪಾಯಿ. ಹಿಂದಿನ ದಿನದ ಬೆಲೆಗಿಂತ ಕಮ್ಮಿಗೇ ಕೊಟ್ಟರು. ಕಂಪನಿಯ ವ್ಯಾಪಾರದಲ್ಲಿ ಅವತ್ತು ಬೆಳಗ್ಗೆ ಏನೂ ಬದಲಾಗಿರಲಿಲ್ಲ. ಆದ್ರೂ ಸಂಜೆ ಹೊತ್ತಿಗೆ ಷೇರು ಹತ್ತಿರ ಹತ್ತಿರ 5% ಬಿದ್ದಿತ್ತು. ಅಷ್ಟೊಂದನ್ನ ಒಮ್ಮೆಗೇ ಹೊರೋಕೆ ಬೇರೆಯವರು ಬರಬೇಕು ಅಂದ್ರೆ ರಿಯಾಯಿತಿ ಕೊಡಬೇಕು. ಜೊತೆಗೆ "ಒಳಗಿನವರೇ ಮಾರ್ತಿದ್ದಾರಲ್ಲ" ಅನ್ನೋ ಅನುಮಾನದ ಬೆಲೆಯೂ ಸೇರುತ್ತೆ.

ಬಾಯಿ ಬಿಟ್ಟರೆ

ಬ್ಲಾಕ್ ಡೀಲಲ್ಲಿ ಒಂದು ಅಪಾಯ ಇದೆ. ಎದುರು ಪಾರ್ಟಿ ಹುಡುಕಬೇಕು ಅಂದ್ರೆ ಯಾರಿಗಾದ್ರೂ ಫೋನ್ ಮಾಡಬೇಕು. ಪ್ರತಿ ಫೋನ್ ಕರೆಯಿಂದಲೂ ಒಬ್ಬರಿಗೆ ಜಾಸ್ತಿ ಗೊತ್ತಾಗುತ್ತೆ. ಆ ಒಬ್ಬ ಸುಮ್ಮನಿರದೆ, ಫಂಡ್ ಕೊಳ್ಳೋಕೆ ಮೊದಲೇ ತಾನು 500ಕ್ಕೆ ಕೊಂಡಿಟ್ಟು, ಫಂಡ್‌ನ ಆರ್ಡರ್ ಬಂದು ಬೆಲೆ ಏರಿದಾಗ 503ಕ್ಕೆ ಅದೇ ಫಂಡಿಗೆ ಮಾರಿದ್ರೆ? ಇದೇ 'ಫ್ರಂಟ್ ರನ್ನಿಂಗ್'. ಬ್ರೋಕರ್ ಕಡೆಯವನೋ ಫಂಡ್ ಹೌಸ್ ಒಳಗಿನವನೋ ಮಾಡಿದ್ರೆ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಇದು ಸೆಬಿ ನಿಯಮದ ಪ್ರಕಾರ ವಂಚನೆ. ಬ್ರೋಕರ್ ಅಲ್ಲದ ಹೊರಗಿನವರು ಇದನ್ನ ಮಾಡಿದ್ರೂ ವಂಚನೆಯೇ ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಆದ್ರೂ ನಿಂತಿಲ್ಲ. 2025ರ ಜನವರಿಯಲ್ಲಿ ಸೆಬಿ ಒಂದು ಮಧ್ಯಂತರ ಆದೇಶ ಹೊರಡಿಸ್ತು. 2001ರ ಷೇರು ಹಗರಣದಲ್ಲಿ ಕೇಳಿಬಂದ ಕೇತನ್ ಪಾರೇಖ್ ಹೆಸರು ಮತ್ತೆ ಅದರಲ್ಲಿತ್ತು. ಒಂದು ದೊಡ್ಡ ವಿದೇಶಿ ಫಂಡ್ ಏನು ಕೊಳ್ಳುತ್ತೆ, ಏನು ಮಾರುತ್ತೆ ಅನ್ನೋ ಮಾಹಿತಿ ಮೊದಲೇ ಸೋರಿಕೆಯಾಗಿ, ಅದರ ಮೇಲೆ ಬೇರೆ ಬೇರೆ ಖಾತೆಗಳಲ್ಲಿ ಟ್ರೇಡ್ ನಡೆದಿದೆ ಅನ್ನೋದು ಆರೋಪ. ಅಕ್ರಮ ಲಾಭ ಅಂತ ಸೆಬಿ ತಡೆಹಿಡಿದ ಮೊತ್ತ 65.77 ಕೋಟಿ ರೂಪಾಯಿ. ಇದು ಮಧ್ಯಂತರ ಆದೇಶ, ಆರೋಪದ ಹಂತ ಅನ್ನೋದು ನೆನಪಿರಲಿ. ಮ್ಯೂಚುವಲ್ ಫಂಡ್‌ಗಳೂ ಒಳಗೇ ಇದನ್ನ ಪತ್ತೆ ಮಾಡೋ ವ್ಯವಸ್ಥೆ ಇಟ್ಕೊಳ್ಳಬೇಕು ಅಂತ ಸೆಬಿ 2024ರಲ್ಲಿ ನಿಯಮ ಮಾಡಿದೆ.

ಈ ಕಳ್ಳತನ ಯಾಕೆ ಸುಲಭವಾಗಿ ನಡೆಯುತ್ತೆ ಗೊತ್ತಾ? ಕಳ್ಕೊಂಡವರಿಗೆ ಕಳ್ಕೊಂಡಿದ್ದೇ ಗೊತ್ತಾಗಲ್ಲ. ಹಿಂದಿನ ಲೆಕ್ಕದ 30 ಲಕ್ಷವನ್ನೇ ತಗೊಳ್ಳಿ. ಆ ಫಂಡ್‌ನಲ್ಲಿ 3 ಲಕ್ಷ ಜನ ದುಡ್ಡು ಹಾಕಿದ್ರೆ ತಲೆಗೆ 10 ರೂಪಾಯಿ. ಹತ್ತು ರೂಪಾಯಿಗೆ ಯಾರು ದೂರು ಕೊಡ್ತಾರೆ? ಜೇಬಿಗೆ ಕೈ ಹಾಕಿದ್ರೆ ಜಗಳ ಆಡ್ತೀವಿ. ಎನ್‌ಎವಿಯ ನಾಲ್ಕನೇ ದಶಮಾಂಶಕ್ಕೆ ಕೈ ಹಾಕಿದ್ರೆ ಕಾಣೋದೇ ಇಲ್ಲ. ನಾವು ನೋಡಲ್ಲ, ಅದಕ್ಕೇ ನೋಡೋ ವ್ಯವಸ್ಥೆ ಗಟ್ಟಿ ಇರಬೇಕು.

ನಮಗೆ ಇದರಲ್ಲಿ ಏನಿದೆ?

ನನಗೆ ಜಾಸ್ತಿ ಬರೋ ಮೆಸೇಜ್ ಯಾವುದು ಗೊತ್ತಾ? "ಬಲ್ಕ್ ಡೀಲ್ ಪಟ್ಟಿಯಲ್ಲಿ ದೊಡ್ಡ ಫಂಡ್ ಹೆಸರು ಬಂದಿದೆ, ನಾನೂ ತಗೊಳ್ಳಲಾ?" ಟೆಲಿಗ್ರಾಂ ಗ್ರೂಪಲ್ಲಿ ಯಾರೋ ಸ್ಕ್ರೀನ್‌ಶಾಟ್ ಹಾಕಿ ರಾಕೆಟ್ ಎಮೋಜಿ ಇಟ್ಟಿರ್ತಾರೆ. ಬಲ್ಕ್ ಡೀಲ್ ಅಂದ್ರೆ ಒಬ್ಬ ಗಿರಾಕಿ ಒಂದೇ ದಿನ ಕಂಪನಿಯ ಒಟ್ಟು ಷೇರಿನಲ್ಲಿ 0.5%ಗಿಂತ ಜಾಸ್ತಿ ವಹಿವಾಟು ಮಾಡಿದ್ರೆ ಹೊರಗೆ ಬರೋ ಮಾಹಿತಿ, ಅಷ್ಟೇ. ಅದು ಬರೋದು ಸಂಜೆ, ಕೆಲಸ ಮುಗಿದ ಮೇಲೆ. ಒಬ್ಬರು ಕೊಂಡಿದ್ದಾರೆ ಅಂದ್ರೆ ಅಷ್ಟನ್ನೇ ಬೇರೆ ಯಾರೋ ಮಾರಿದ್ದಾರೆ. ಕೆಲವೊಮ್ಮೆ ಮಾರಿದವರ ಹೆಸರೂ ಅದೇ ಪಟ್ಟಿಯಲ್ಲಿರುತ್ತೆ, ಸ್ಕ್ರೀನ್‌ಶಾಟಲ್ಲಿ ಮಾತ್ರ ಇರಲ್ಲ. ವಾರಗಟ್ಟಲೆ ಬಚ್ಚಿಟ್ಕೊಂಡು ಕೊಳ್ಳೋ ಜನರ ಬಗ್ಗೆ ನಮಗೆ ಗೊತ್ತಾಗ್ತಿದೆ ಅಂದ್ರೆ, ಬಚ್ಚಿಡೋ ಅಗತ್ಯ ಅವರಿಗೆ ಮುಗಿದಿರಬಹುದು. ನನ್ನ ಉತ್ತರ ಯಾವಾಗಲೂ ಒಂದೇ, ಆ ಪಟ್ಟಿ ನಿನ್ನೆಯ ಪೇಪರ್.

ಹಾಗಾದ್ರೆ ಉಪಯೋಗಕ್ಕೆ ಬರೋದು ಏನು? ಮೂರು ವಿಷಯ ಹೇಳಿ ಮುಗಿಸ್ತೀನಿ.

ಒಂದು, ಸಣ್ಣವರಾಗಿರೋದೇ ನಿಮ್ಮ ಬಲ. ಕೋಟಿಗಟ್ಟಲೆ ಸಂಬಳ ತಗೊಳ್ಳೋ ಡೀಲರ್ ಯಾವುದಕ್ಕೆ ಒದ್ದಾಡ್ತಾರೋ ಅದು ನಿಮಗೆ ಪುಕ್ಕಟೆ ಸಿಕ್ಕಿದೆ. ನಿಮ್ಮ 10 ಷೇರನ್ನ ಯಾರೂ ಗಮನಿಸಲ್ಲ. ತಪ್ಪು ಅನ್ನಿಸಿದ ದಿನ ಎರಡು ಸೆಕೆಂಡಲ್ಲಿ ಹೊರಗೆ ಬರಬಹುದು.

ಎರಡು, ಆ ಬಲ ಎಲ್ಲಾ ಕಡೆ ಇರಲ್ಲ. ದಿನಕ್ಕೆ ಕೆಲವೇ ಸಾವಿರ ಷೇರು ಓಡಾಡೋ ಸಣ್ಣ ಕಂಪನಿಯಲ್ಲಿ 500 ಷೇರು ಮಾರೋಕೆ ಹೋದ್ರೆ ನೀವೂ ಅಲ್ಲಿ ಎರಡು ಲಾರಿ ಸೇವಂತಿಗೆ ಗಿರಾಕಿಯೇ. ಅಂಥ ಕಡೆ ಐದು ಸಾಲು ನೋಡದೆ ಮಾರ್ಕೆಟ್ ಆರ್ಡರ್ ಹಾಕಬೇಡಿ. ಲಿಮಿಟ್ ಆರ್ಡರ್ ಹಾಕಿ, ನಿಮ್ಮ ಬೆಲೆ ನೀವೇ ಬರೀರಿ.

ಮೂರು, ಇದು ಎಸ್‌ಐಪಿ ಇರೋರಿಗೆ. ಸ್ಮಾಲ್‌ಕ್ಯಾಪ್, ಮಿಡ್‌ಕ್ಯಾಪ್ ಫಂಡ್‌ಗಳು 2024ರ ಮಾರ್ಚ್‌ನಿಂದ 'ಸ್ಟ್ರೆಸ್ ಟೆಸ್ಟ್' ಅಂತ ಒಂದು ವಿವರವನ್ನ ಹೊರಗೆ ಹಾಕ್ತಿವೆ. ತಮ್ಮ ಹತ್ತಿರ ಇರೋ ಷೇರಲ್ಲಿ 25% ಮಾರೋಕೆ ಎಷ್ಟು ದಿನ ಬೇಕು, 50% ಮಾರೋಕೆ ಎಷ್ಟು ದಿನ ಬೇಕು ಅಂತ. ಇಷ್ಟು ಹೊತ್ತು ನಾವು ಮಾತಾಡಿದ್ದೆಲ್ಲಾ ಆ ಒಂದು ಅಂಕಿಯಲ್ಲಿ ಅಡಗಿದೆ. ಫಂಡ್ ದೊಡ್ಡದಾದಷ್ಟೂ ಸಣ್ಣ ಕಂಪನಿಗಳಿಂದ ಹೊರಗೆ ಬರೋದು ಕಷ್ಟ. ಹೋದ ವರ್ಷದ ರಿಟರ್ನ್ ಎಷ್ಟು ಅಂತ ಎಲ್ಲರೂ ನೋಡ್ತಾರೆ. ಎಲ್ಲರೂ ಒಟ್ಟಿಗೆ ಬಾಗಿಲ ಕಡೆ ಓಡಿದ ದಿನ ನನ್ನ ಫಂಡ್ ಎಷ್ಟು ದಿನದಲ್ಲಿ ಹೊರಗೆ ಬರುತ್ತೆ ಅಂತ ನೋಡೋರು ಕಮ್ಮಿ. ನಿಮ್ಮ ಫಂಡ್ ಹೌಸ್‌ನ ವೆಬ್‌ಸೈಟಲ್ಲಿ ಅದು ಪ್ರತಿ ತಿಂಗಳು ಬರುತ್ತೆ. ಇವತ್ತು ರಾತ್ರಿ ಮಲಗೋ ಮೊದಲು ರೀಲ್ಸ್ ಮಧ್ಯೆ ಎರಡು ನಿಮಿಷ ಬಿಡುವು ಮಾಡ್ಕೊಂಡು ಅದನ್ನ ಹುಡುಕಿ. ಎಷ್ಟು ದಿನ ಅಂತ ಬಂತು, ನನಗೂ ಬರೆದು ಕಳಿಸಿ.

ಯಾವ ಷೇರು ಕೊಳ್ಳಬೇಕು ಅಂತ ನಾನು ಹೇಳಲ್ಲ, ಅದು ನಿಮಗೆ ಗೊತ್ತೇ ಇದೆ. ಮುಂದಿನ ವಾರ ಮತ್ತೆ ಸಿಗೋಣ.